ನಾಳೆಯ ಮಾತಿಗೆ ಇಂಗ್ಲಿಷಿನಲ್ಲಿ ಎಷ್ಟು ದಾರಿ?

‘ನಾಳೆ ಬರ್ತೀನಿ’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದರೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರ ಬಾಯಲ್ಲಿ ಮೊದಲು ಬರುವುದು ‘ಐ ವಿಲ್ ಕಮ್ ಟುಮಾರೋ’. ಅದರಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ. ಆದರೆ ಕೆಲಸಕ್ಕೆ ಸೇರಿದ ಮೇಲೆ ಕಿವಿಗೆ ಬೀಳುವ ಇಂಗ್ಲಿಷೇ ಬೇರೆ. ಒಬ್ಬರು ‘ಐಯಾಮ್ ಕಮಿಂಗ್ ಟುಮಾರೋ’ ಅನ್ನುತ್ತಾರೆ, ಇನ್ನೊಬ್ಬರು ‘ಐಲ್ ಬಿ ಕಮಿಂಗ್’ ಅನ್ನುತ್ತಾರೆ, ಮತ್ತೊಬ್ಬರು ‘ಐಯಾಮ್ ಗೋಯಿಂಗ್ ಟು ಕಮ್’ ಅನ್ನುತ್ತಾರೆ. ಶಾಲೆಯಲ್ಲಿ ಕಲಿತದ್ದೇ ತಪ್ಪಿರಬಹುದೇ ಎಂಬ ಅನುಮಾನ ಅಲ್ಲಿಂದ ಶುರುವಾಗಿ ಮಾತನಾಡುವ ಧೈರ್ಯವೇ ಕುಗ್ಗುತ್ತದೆ. ಕುಗ್ಗಬೇಕಾಗಿಲ್ಲ. ಈ ನಾಲ್ಕೂ ಸರಿ. ಯಾವುದನ್ನು ಯಾವಾಗ ಬಳಸಬೇಕು ಎಂಬುದೊಂದನ್ನು ಕಲಿತರೆ ಸಾಕು, ಮತ್ತು ಅದರ ಬಹುಪಾಲು ತಿಳಿವಳಿಕೆ ನಮ್ಮ ಆಡುಗನ್ನಡದಲ್ಲೇ ಇದೆ.

ಶಾಲೆಯ ಬೋರ್ಡಿನ ಮೇಲೆ ಕಾಲಗಳ ಕೋಷ್ಟಕ ನೋಡದವರಿಲ್ಲ. ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಂಬ, ಒಂದೊಂದರಲ್ಲಿ ನಾಲ್ಕು ಮನೆ, ಒಟ್ಟು ಹನ್ನೆರಡು. ರೆನ್ ಮತ್ತು ಮಾರ್ಟಿನ್ ಪುಸ್ತಕವನ್ನು ನೆಚ್ಚಿಕೊಂಡ ತಲೆಮಾರುಗಳಿಗೆ ಇದೇ ಇಂಗ್ಲಿಷಿನ ನಕ್ಷೆ. ಆದರೆ ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯತ್ತಿನದೇ ಆದ ರೂಪವಿಲ್ಲ. ‘ವಾಕ್’ ಎಂಬುದು ಭೂತಕಾಲದಲ್ಲಿ ‘ವಾಕ್ಡ್’ ಆಗುತ್ತದೆ, ಭವಿಷ್ಯಕ್ಕೆ ಅಂಥ ಪ್ರತ್ಯಯವೊಂದೂ ಇಲ್ಲ. ಡೆನ್ಮಾರ್ಕಿನ ವ್ಯಾಕರಣಜ್ಞ ಒಟ್ಟೊ ಯೆಸ್ಪರ್ಸನ್ ಕಳೆದ ಶತಮಾನದ ಮೊದಲರ್ಧದಲ್ಲೇ ಇದನ್ನು ಹೇಳಿದ್ದರು. 2002ರಲ್ಲಿ ಬಂದ ಕೇಂಬ್ರಿಜ್ ಇಂಗ್ಲಿಷ್ ವ್ಯಾಕರಣದಲ್ಲಿ ರಾಡ್ನಿ ಹಡಲ್‌ಸ್ಟನ್ ಮತ್ತು ಜೆಫ್ರಿ ಪುಲಮ್ ಕೂಡ ಇಂಗ್ಲಿಷಿಗೆ ಭವಿಷ್ಯತ್ಕಾಲವಿಲ್ಲ ಎಂದೇ ಬರೆದರು. ನಾಳೆಯ ಮಾತಿಗಾಗಿ ಆ ಭಾಷೆ ಬೇರೆ ಬೇರೆ ಕಡೆಯಿಂದ ಸಾಮಗ್ರಿ ತಂದುಕೊಂಡಿದೆ. ‘ವಿಲ್’ ಮೂಲದಲ್ಲಿ ಬಯಸುವುದನ್ನು ಹೇಳುವ ಕ್ರಿಯಾಪದ, ‘ಶಲ್’ ಋಣ ಅಥವಾ ಕರ್ತವ್ಯವನ್ನು ಹೇಳುವುದು, ‘ಗೋಯಿಂಗ್ ಟು’ ನಡಿಗೆಯಿಂದ ಬಂದದ್ದು.

ಕನ್ನಡದಲ್ಲಿ ಕಾಲಸೂಚಕ ಪ್ರತ್ಯಯಗಳು ಮೂರೂ ಇದ್ದವು. ಹದಿಮೂರನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ದ, ದಪ, ವ ಎಂದು ಅವನ್ನು ಹೇಳಿದ್ದಾನೆ. ಆ ‘ವ’ ಇವತ್ತಿಗೂ ‘ಬರುವೆನು’, ‘ಹೋಗುವರು’ ಎಂದು ಬರಹದಲ್ಲಿ, ಹಾಡಿನಲ್ಲಿ ಉಳಿದಿದೆ. ಆದರೆ ದಿನದ ಮಾತಿನಲ್ಲಿ ‘ಬರ್ತೀನಿ’ ಎಂಬ ಒಂದೇ ರೂಪ ‘ದಿನಾ ಬರ್ತೀನಿ’ಗೂ ಆಗುತ್ತದೆ, ‘ನಾಳೆ ಬರ್ತೀನಿ’ಗೂ ಆಗುತ್ತದೆ. ‘ಟುಮಾರೋ ಐ ಕಮ್’ ಎಂದು ಕೆಲವರು ಹೇಳಿಬಿಡುವುದರ ಹಿಂದೆ ಇರುವುದು ಈ ಕನ್ನಡವೇ. ಅದನ್ನು ತಿದ್ದಿಕೊಳ್ಳಲು ಎಲ್ಲದಕ್ಕೂ ‘ವಿಲ್’ ಹಚ್ಚುವುದನ್ನು ಶಾಲೆ ಕಲಿಸಿತು, ಮುಂದಿನದನ್ನು ಕಲಿಸಲಿಲ್ಲ.

ಈಗ ಹೊಳೆದದ್ದೋ, ಮೊದಲೇ ಅಂದುಕೊಂಡದ್ದೋ

ಆಫೀಸಿನಲ್ಲಿ ಯಾರೋ ಪ್ರಿಂಟರಿನಲ್ಲಿ ಪೇಪರ್ ಮುಗಿದಿದೆ ಎಂದರು ಎಂದುಕೊಳ್ಳಿ. ನಿಮಗೆ ಆಗಲೇ ಗೊತ್ತಾದದ್ದು. ‘ಹೌದಾ? ತಡೀರಿ, ತರ್ತೀನಿ’ ಅನ್ನುತ್ತೀರಿ. ಇದು ‘ಐಲ್ ಗೆಟ್ ಸಮ್’. ಮಾತಾಡುತ್ತಿರುವ ಕ್ಷಣದಲ್ಲೇ ಹುಟ್ಟಿದ ನಿರ್ಧಾರ, ಸಹಾಯದ ಮಾತು, ಕೊಟ್ಟ ಭಾಷೆ, ಇವೆಲ್ಲಕ್ಕೂ ‘ವಿಲ್’. ನಿಮಗೆ ಬೆಳಿಗ್ಗೆಯೇ ಗೊತ್ತಿತ್ತು ಎಂದಾದರೆ ಕನ್ನಡದಲ್ಲಿ ಉತ್ತರವೇ ಬದಲಾಗುತ್ತದೆ: ‘ಗೊತ್ತು, ಊಟ ಆದ್ಮೇಲೆ ತರಬೇಕು ಅಂತಿದೀನಿ.’ ಇದು ‘ಐ ನೋ, ಐಯಾಮ್ ಗೋಯಿಂಗ್ ಟು ಗೆಟ್ ಸಮ್ ಆಫ್ಟರ್ ಲಂಚ್’. ಇಲ್ಲಿ ‘ಐ ನೋ, ಐಲ್ ಗೆಟ್ ಸಮ್’ ಎಂದರೂ ಅರ್ಥವಾಗುತ್ತದೆ, ಆದರೆ ನೀವು ನೆನಪಿಸಿದ್ದಕ್ಕೆ ಹೊರಟೆ ಎಂಬ ಧ್ವನಿ ಬರುತ್ತದೆ. ಸಂದರ್ಶನದಲ್ಲಿ ಮುಂದೇನು ಮಾಡಬೇಕೆಂದಿದ್ದೀರಿ ಎಂದು ಕೇಳಿದಾಗ ಈ ವ್ಯತ್ಯಾಸ ಬೆಲೆಬಾಳುತ್ತದೆ. ‘ಐಯಾಮ್ ಗೋಯಿಂಗ್ ಟು ಫಿನಿಶ್ ಮೈ ಡಿಪ್ಲೊಮಾ’ ಎಂದವರು ಮೊದಲೇ ಯೋಚಿಸಿದವರಂತೆ ಕೇಳಿಸುತ್ತಾರೆ.

‘ಗೋಯಿಂಗ್ ಟು’ ಮಾಡುವ ಇನ್ನೊಂದು ಕೆಲಸಕ್ಕೂ ಕನ್ನಡದಲ್ಲಿ ಬೇರೆಯದೇ ಮಾತಿದೆ. ಮೋಡ ಕಪ್ಪಗೆ ಕವಿದು, ಮಣ್ಣಿನ ವಾಸನೆ ಹೊತ್ತ ಗಾಳಿ ಬೀಸಿದಾಗ ನಾವು ‘ಮಳೆ ಬರುತ್ತೆ’ ಅನ್ನುವುದಕ್ಕಿಂತ ‘ಮಳೆ ಬರೋ ಹಾಗಿದೆ’ ಅನ್ನುತ್ತೇವೆ. ಕಣ್ಣೆದುರು ಸಾಕ್ಷಿ ಇದೆ. ಇಂಗ್ಲಿಷ್ ಇಲ್ಲಿ ‘ಇಟ್ಸ್ ಗೋಯಿಂಗ್ ಟು ರೇನ್’ ಅನ್ನುತ್ತದೆ. ಸಾಕ್ಷಿಯಿಲ್ಲದ ಬರಿಯ ಅಂದಾಜಿಗೆ ‘ಐ ಥಿಂಕ್ ಇಟ್ ವಿಲ್ ರೇನ್’. ಮಂಚದ ತುದಿಗೆ ಬಂದ ಮಗುವನ್ನು ನೋಡಿ ಕೂಗುವಾಗ ‘ಶಿ ಈಸ್ ಗೋಯಿಂಗ್ ಟು ಫಾಲ್!’ ಎಂದೇ ಕೂಗಬೇಕು, ‘ಶಿ ವಿಲ್ ಫಾಲ್’ ಎಂದರೆ ಜ್ಯೋತಿಷ್ಯದಂತಾಗುತ್ತದೆ.

ಒಂದು ಎಚ್ಚರಿಕೆ. ‘ಐಯಾಮ್ ಗೋಯಿಂಗ್ ಟು ಮೈಸೂರು’ ಎಂಬುದರಲ್ಲಿ ಪ್ರಯಾಣವಿದೆ, ‘ಐಯಾಮ್ ಗೋಯಿಂಗ್ ಟು ಸ್ಟಡಿ’ ಎಂಬುದರಲ್ಲಿ ಪ್ರಯಾಣವಿಲ್ಲ, ಉದ್ದೇಶ ಮಾತ್ರ. ಊರಿನ ಹೆಸರೋ ಜಾಗವೋ ಬಂದರೆ ನಡಿಗೆ, ಕ್ರಿಯಾಪದ ಬಂದರೆ ನಾಳೆ. ಮಾತಿನಲ್ಲಿ ಕೇಳುವ ‘ಗೊನ್ನ’ ಈ ಎರಡನೆಯದಕ್ಕೆ ಮಾತ್ರ ಸಲ್ಲುತ್ತದೆ. ‘ಐಯಾಮ್ ಗೊನ್ನ ಸ್ಟಡಿ’ ಇದೆ, ‘ಐಯಾಮ್ ಗೊನ್ನ ಮೈಸೂರು’ ಇಲ್ಲ. ಬರವಣಿಗೆಯಲ್ಲಿ, ಅದರಲ್ಲೂ ಅರ್ಜಿ ಮತ್ತು ಇಮೇಲಿನಲ್ಲಿ, ‘ಗೊನ್ನ’ ಬೇಡವೇ ಬೇಡ.

ಇನ್ನು ಗೊತ್ತುಪಡಿಸಿಕೊಂಡ ಕೆಲಸಗಳು. ಡಾಕ್ಟರ ಹತ್ತಿರ ಸಮಯ ತೆಗೆದುಕೊಂಡಾಗಿದೆ, ಟಿಕೆಟ್ ಬುಕ್ ಆಗಿದೆ, ಎದುರಿನವರು ಒಪ್ಪಿದ್ದಾರೆ. ಆಗ ‘ಐಯಾಮ್ ಸೀಯಿಂಗ್ ದ ಡಾಕ್ಟರ್ ಅಟ್ ಫೋರ್’. ಈಗ ನಡೆಯುತ್ತಿರುವುದಕ್ಕೆ ಬಳಸುವ ರೂಪವನ್ನೇ ನಾಳೆಗೂ ಬಳಸುತ್ತಾರೆ, ಸಮಯದ ಮಾತು ಜೊತೆಗಿದ್ದರೆ ಗೊಂದಲವಾಗುವುದಿಲ್ಲ. ನಮ್ಮಲ್ಲೂ ‘ಭಾನುವಾರ ಊರಿಗೆ ಹೋಗ್ತಾ ಇದೀನಿ’ ಅನ್ನುವವರ ಕೈಯಲ್ಲಿ ಸಾಮಾನ್ಯವಾಗಿ ಟಿಕೆಟ್ ಇರುತ್ತದೆ. ಆದರೆ ಮನುಷ್ಯರು ಏರ್ಪಡಿಸಲಾಗದ್ದಕ್ಕೆ ಈ ರೂಪ ಒಗ್ಗುವುದಿಲ್ಲ. ‘ಇಟ್ ಈಸ್ ರೇನಿಂಗ್ ಟುಮಾರೋ’ ತಪ್ಪು, ಮಳೆಯ ಡೈರಿ ಯಾರ ಹತ್ತಿರವೂ ಇಲ್ಲ. ‘ಐಯಾಮ್ ನೋಯಿಂಗ್ ದ ರಿಸಲ್ಟ್ ಟುಮಾರೋ’ ಕೂಡ ತಪ್ಪು. ತಿಳಿಯುವುದು, ಬೇಕಾಗುವುದು, ನಂಬುವುದು ಮುಂತಾದ ಸ್ಥಿತಿಗಳಿಗೆ ‘ಐಲ್ ನೋ ಟುಮಾರೋ’ ಎನ್ನಬೇಕು.

ಬಸ್ಸು, ರೈಲು, ಪರೀಕ್ಷೆ, ಸಿನಿಮಾ ಪ್ರದರ್ಶನ ವೇಳಾಪಟ್ಟಿಗೆ ಸೇರಿದವು. ಅವಕ್ಕೆ ಸರಳ ವರ್ತಮಾನವೇ ಸಾಕು: ‘ದ ಬಸ್ ಲೀವ್ಸ್ ಅಟ್ ಸಿಕ್ಸ್’, ‘ದ ಎಕ್ಸಾಮ್ ಸ್ಟಾರ್ಟ್ಸ್ ಆನ್ ಮಂಡೇ’.

‘ವೆನ್ ಯು ವಿಲ್ ಕಮ್’ ಎಂಬ ಹಳೆಯ ಎಡವಟ್ಟು

ಈ ಲೇಖನದಿಂದ ಒಂದೇ ಒಂದನ್ನು ಒಯ್ಯುವುದಾದರೆ ಇದನ್ನು ಒಯ್ಯಿರಿ. ಭಾರತೀಯರ ಇಂಗ್ಲಿಷಿನಲ್ಲಿ ಭವಿಷ್ಯದ ವಿಷಯದಲ್ಲಿ ಹೆಚ್ಚಾಗಿ ಕಾಣುವ ತಪ್ಪುಗಳಲ್ಲಿ ಇದೊಂದು. ‘ನೀನು ಬರುವಾಗ ಹಣ್ಣು ತಗೊಂಡು ಬಾ’ ಎಂಬುದು ‘ವೆನ್ ಯು ವಿಲ್ ಕಮ್, ಬ್ರಿಂಗ್ ಸಮ್ ಫ್ರೂಟ್’ ಆಗಿಬಿಡುತ್ತದೆ. ಸರಿಯಾದ ರೂಪ ‘ವೆನ್ ಯು ಕಮ್, ಬ್ರಿಂಗ್ ಸಮ್ ಫ್ರೂಟ್’. ವೆನ್, ಇಫ್, ಬಿಫೋರ್, ಆಫ್ಟರ್, ಅಂಟಿಲ್, ಆ್ಯಸ್ ಸೂನ್ ಆ್ಯಸ್, ಅನ್‌ಲೆಸ್ ಇವುಗಳ ಬೆನ್ನಿಗೆ ಬರುವ ಉಪವಾಕ್ಯದಲ್ಲಿ ನಾಳೆಯ ಸಂಗತಿಯಾದರೂ ‘ವಿಲ್’ ಬರುವುದಿಲ್ಲ. ‘ವಿಲ್’ಗೆ ಜಾಗ ಮುಖ್ಯ ವಾಕ್ಯದಲ್ಲಿ: ‘ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಹೋಮ್.’

ನಿಯಮ ಇಷ್ಟೇ ಆಗಿದ್ದರೆ ಬಾಯಿಪಾಠ ಮಾಡಬಹುದಿತ್ತು. ತೊಡಕು ಬರುವುದು ‘ಐ ಡೋಂಟ್ ನೋ ವೆನ್ ಹಿ ವಿಲ್ ಕಮ್’ ಎಂಬ ವಾಕ್ಯ ಕಂಡಾಗ. ಇಲ್ಲಿ ‘ವೆನ್’ ಆದ ಮೇಲೆ ‘ವಿಲ್’ ಇದೆ, ವಾಕ್ಯವೂ ಸರಿಯಿದೆ. ನಿಯಮ ಮುರಿಯಿತೇ ಎಂದು ವಿದ್ಯಾರ್ಥಿ ಕಂಗಾಲಾಗುತ್ತಾನೆ. ಇಲ್ಲಿ ಕೈಹಿಡಿಯುವುದು ಕನ್ನಡ. ಎರಡೂ ವಾಕ್ಯಗಳನ್ನು ಕನ್ನಡದಲ್ಲಿ ಹೇಳಿಕೊಳ್ಳಿ. ಒಂದು, ‘ಅವನು ಬಂದಾಗ ಹೇಳ್ತೀನಿ.’ ಇನ್ನೊಂದು, ‘ಅವನು ಯಾವಾಗ ಬರ್ತಾನೋ ಗೊತ್ತಿಲ್ಲ.’ ಇಂಗ್ಲಿಷಿನ ಒಂದೇ ‘ವೆನ್’ ಕನ್ನಡದಲ್ಲಿ ಎರಡಾಗಿ ಒಡೆದುಕೊಂಡಿತು. ‘ಯಾವಾಗ’ ಎಂಬ ಪ್ರಶ್ನೆಯ ಪದ ಬಂದರೆ, ಅಥವಾ ಕ್ರಿಯಾಪದದ ಕೊನೆಗೆ ಸಂಶಯದ ‘ಓ’ ಬಂದರೆ ‘ವಿಲ್’ ಹಾಕಬಹುದು. ‘ಬಂದಾಗ’, ‘ಬಂದರೆ’, ‘ಬಂದ ಮೇಲೆ’, ‘ಬಂದ ಕೂಡಲೇ’ ಎಂದು ಬಂದರೆ ‘ವಿಲ್’ ಬೇಡ. ‘ಇಫ್’ಗೂ ಇದೇ ಪರೀಕ್ಷೆ. ‘ಅವನು ಬಂದರೆ’ ಎಂಬುದು ‘ಇಫ್ ಹಿ ಕಮ್ಸ್’. ‘ಬರ್ತಾನೋ ಇಲ್ವೋ ಗೊತ್ತಿಲ್ಲ’ ಎಂಬುದು ‘ಐ ಡೋಂಟ್ ನೋ ಇಫ್ ಹಿ ವಿಲ್ ಕಮ್’.

ಗಮನಿಸಿ, ‘ಬಂದರೆ’, ‘ಬಂದಾಗ’ ಎಂಬ ರೂಪಗಳಲ್ಲಿ ಇರುವುದು ಭೂತಕಾಲದ ‘ಬಂದ’. ನಾಳೆಯ ಮಾತಾದರೂ ನಾವು ಅಲ್ಲಿ ಭವಿಷ್ಯವನ್ನು ಹಾಕುವುದಿಲ್ಲ, ಹಾಗೆಯೇ ಇಂಗ್ಲಿಷೂ ಹಾಕುವುದಿಲ್ಲ. ಕನ್ನಡ ನಮ್ಮನ್ನು ದಾರಿ ತಪ್ಪಿಸುವುದು ‘ಬರುವಾಗ’, ‘ಬರುವ ಮೊದಲು’, ‘ಬರುವವರೆಗೆ’ ಎಂಬ ಕಡೆ ಮಾತ್ರ, ಅಲ್ಲಿ ‘ಬರುವ’ ಇದೆ. ಆದರೆ ಪ್ರಶ್ನೆಯ ಪದವೂ ಇಲ್ಲ, ‘ಓ’ಕಾರವೂ ಇಲ್ಲ. ಆದ್ದರಿಂದ ‘ಬಿಫೋರ್ ಹಿ ಕಮ್ಸ್’, ‘ಅಂಟಿಲ್ ಹಿ ಕಮ್ಸ್’. ಈ ಪರೀಕ್ಷೆಯನ್ನು ರೂಢಿಸಿಕೊಂಡರೆ ವಾಕ್ಯ ಬಾಯಿಗೆ ಬರುವ ಮೊದಲೇ ತಪ್ಪು ನಿಲ್ಲುತ್ತದೆ.

ಬರಲ್ಲವೋ, ಬರೋಕಾಗಲ್ಲವೋ

ವ್ಯಾಕರಣ ಸರಿಯಿದ್ದೂ ಮಾತು ಒರಟಾಗುವ ಜಾಗ ಒಂದಿದೆ. ರಜೆ ಕೇಳುವ ಇಮೇಲ್ ನೋಡಿ. ‘ಐ ವಿಲ್ ನಾಟ್ ಕಮ್ ಟು ಆಫೀಸ್ ಟುಮಾರೋ’ ಎಂದು ಬರೆದವರಿಗೆ ತಪ್ಪು ಮಾಡಿದ ಅರಿವೇ ಇರುವುದಿಲ್ಲ, ಓದಿದ ಮೇಲಧಿಕಾರಿಯ ಹುಬ್ಬು ಮಾತ್ರ ಏರುತ್ತದೆ. ‘ವಿಲ್’ನೊಳಗೆ ಆ ಹಳೆಯ ‘ಬಯಸು’ ಇನ್ನೂ ಜೀವಂತವಾಗಿದೆ. ನಿರಾಕರಿಸಿದಾಗ ಅದು ‘ಬರಲು ಒಪ್ಪುವುದಿಲ್ಲ’ ಎಂಬಂತೆ ಕೇಳಿಸಬಹುದು. ಕನ್ನಡದಲ್ಲಿ ನೀವು ಸಾಹೇಬರಿಗೆ ‘ನಾಳೆ ಬರಲ್ಲ’ ಅನ್ನುತ್ತೀರಾ? ‘ನಾಳೆ ಬರೋಕಾಗಲ್ಲ ಸಾರ್’ ಅನ್ನುತ್ತೀರಿ. ಅದನ್ನೇ ಬರೆಯಿರಿ: ‘ಐ ವೋಂಟ್ ಬಿ ಏಬಲ್ ಟು ಕಮ್ ಇನ್ ಟುಮಾರೋ.’ ಮುಂದಿನ ಸಾಲು, ‘ಐಯಾಮ್ ಟೇಕಿಂಗ್ ಮೈ ಮದರ್ ಟು ದ ಹಾಸ್ಪಿಟಲ್’, ಇದು ಗೊತ್ತುಪಡಿಸಿದ ಕೆಲಸ. ಅದರ ಮುಂದೆ, ‘ಐಲ್ ಬಿ ಬ್ಯಾಕ್ ಆನ್ ಥರ್ಸ್‌ಡೇ’, ಇದು ಭರವಸೆ. ಕೊನೆಗೆ, ‘ಐಲ್ ಸೆಂಡ್ ದ ರಿಪೋರ್ಟ್ ಬಿಫೋರ್ ಐ ಲೀವ್ ಟುಡೇ’. ಇಲ್ಲಿ ‘ಬಿಫೋರ್’ ಆದ ಮೇಲೆ ‘ವಿಲ್’ ಇಲ್ಲದ್ದನ್ನು ನೋಡಿದಿರಲ್ಲ. ನಾಲ್ಕು ಸಾಲಿನ ಈ ಪತ್ರ ಚೊಕ್ಕವಾಗಿಯೂ ಇದೆ, ಮರ್ಯಾದೆಯಾಗಿಯೂ ಇದೆ.

‘ವೋಂಟ್’ನ ಈ ಹಟಮಾರಿ ಗುಣ ವಸ್ತುಗಳಿಗೂ ಅಂಟುತ್ತದೆ. ಎಷ್ಟು ಕಿಕ್ ಹೊಡೆದರೂ ಬೈಕ್ ಜಗ್ಗದಿದ್ದರೆ ‘ದ ಬೈಕ್ ವೋಂಟ್ ಸ್ಟಾರ್ಟ್’. ಅದು ನಾಳೆಯ ಮಾತೇ ಅಲ್ಲ, ಈಗಿನದು. ಉಚ್ಚಾರಣೆಯಲ್ಲೂ ಜಾಗ್ರತೆ ಬೇಕು. ‘ವಾಂಟ್’ ಎಂದರೆ ಬೇಕು, ‘ವೋಂಟ್’ ಎಂದರೆ ಆಗದು. ಸ್ವರ ಸ್ವಲ್ಪ ಜಾರಿದರೆ ಅರ್ಥ ತಲೆಕೆಳಗು.

ಸ್ವರದ ಬಗ್ಗೆಯೇ ಇನ್ನೊಂದು ಮಾತು. ನಾವು ‘ಐ ವಿಲ್ ಕಾಲ್ ಯು’ ಎಂದು ಪ್ರತಿ ಪದವನ್ನೂ ಒತ್ತಿ ಹೇಳುತ್ತೇವೆ. ಇಂಗ್ಲಿಷನ್ನೇ ಮನೆಮಾತಾಗಿ ಉಳ್ಳವರ ಕಿವಿಗೆ ‘ವಿಲ್’ ಮೇಲಿನ ಒತ್ತು ‘ಮಾಡೇ ಮಾಡ್ತೀನಿ’ ಎಂಬ ಶಪಥದಂತೆ, ಕೆಲವೊಮ್ಮೆ ರೇಗಿದಂತೆ ಕೇಳುತ್ತದೆ. ‘ಐಲ್’, ‘ಹೀಲ್’, ‘ದೇಲ್’ ಎಂದು ಕೂಡಿಸಿ ಹೇಳುವುದು ಸೋಮಾರಿತನವಲ್ಲ, ಅದೇ ಸಹಜ ರೂಪ. ದಿನಕ್ಕೆ ಹತ್ತು ಬಾರಿ ಜೋರಾಗಿ ಹೇಳಿ ಅಭ್ಯಾಸ ಮಾಡಿ, ಫಲ ಬೇಗ ಕಾಣುತ್ತದೆ.

ಗಿರಾಕಿಗಳೊಡನೆ ಮಾತಾಡುವ ಕೆಲಸದವರಿಗೆ ‘ವಿಲ್ ಬಿ’ ರೂಪ ದೊಡ್ಡ ಉಪಕಾರಿ. ‘ವಿಲ್ ಯು ಪೇ ಬೈ ಕಾರ್ಡ್?’ ಎಂದರೆ ಕೊಡುತ್ತೀರಾ ಎಂದು ಒತ್ತಾಯಿಸಿದಂತೆ. ‘ವಿಲ್ ಯು ಬಿ ಪೇಯಿಂಗ್ ಬೈ ಕಾರ್ಡ್?’ ಎಂದರೆ ನಿಮ್ಮ ಯೋಚನೆ ಹೇಗಿದೆ ಎಂದು ಮೆಲ್ಲನೆ ಕೇಳಿದಂತೆ. ಹೋಟೆಲು, ಬ್ಯಾಂಕು, ಕಾಲ್ ಸೆಂಟರಿನವರು ಇದನ್ನು ಬಳಸುವುದು ಈ ಕಾರಣಕ್ಕೆ.

ಮುಗಿಸಿರ್ತೀನಿ, ಮಾಡ್ತಾ ಇರ್ತೀನಿ

ಕೋಷ್ಟಕದಲ್ಲಿ ಎಲ್ಲರೂ ಹೆದರುವ ಮನೆ ‘ವಿಲ್ ಹ್ಯಾವ್’. ಹೆದರಿಕೆಗೆ ಆಧಾರವೇ ಇಲ್ಲ, ಕನ್ನಡದಲ್ಲಿ ಇದು ಅಕ್ಷರಶಃ ಇದೆ. ‘ನೀನು ಬರೋಷ್ಟರಲ್ಲಿ ಅಡುಗೆ ಮುಗಿಸಿರ್ತೀನಿ’ ಎಂದು ಅಮ್ಮ ಹೇಳುವುದೇ ‘ಐಲ್ ಹ್ಯಾವ್ ಫಿನಿಶ್ಡ್ ಕುಕಿಂಗ್ ಬೈ ದ ಟೈಮ್ ಯು ಕಮ್’. ‘ಮುಗಿಸಿರ್ತೀನಿ’ಯ ಹಾಗೆ ಮುಗಿದ ಕೆಲಸಕ್ಕೆ ‘ಇರ್ತೀನಿ’ ಅಂಟಿಕೊಂಡ ಕಡೆ ಇದು ಒಪ್ಪುತ್ತದೆ. ‘ಅವರು ಇಷ್ಟೊತ್ತಿಗೆ ಮನೆ ಸೇರಿರ್ತಾರೆ’ ಎಂಬ ಊಹೆಗೂ ‘ದೇಲ್ ಹ್ಯಾವ್ ರೀಚ್ಡ್ ಹೋಮ್ ಬೈ ನೌ’ ಸರಿಯಾಗಿ ಕೂಡುತ್ತದೆ. ‘ನಾಳೆ ಇಷ್ಟೊತ್ತಿಗೆ ಪರೀಕ್ಷೆ ಬರೀತಾ ಇರ್ತೀನಿ’ ಎಂಬುದು ‘ಐಲ್ ಬಿ ರೈಟಿಂಗ್ ದ ಎಕ್ಸಾಮ್ ದಿಸ್ ಟೈಮ್ ಟುಮಾರೋ’.

‘ವಿಲ್ ಹ್ಯಾವ್’ನ ಜೊತೆಗಾರ ‘ಬೈ’. ‘ಶುಕ್ರವಾರದೊಳಗೆ ಕೊಡಿ’ ಎಂಬುದು ‘ಬೈ ಫ್ರೈಡೇ’. ‘ಶುಕ್ರವಾರದವರೆಗೆ ಇರ್ತೀನಿ’ ಎಂಬುದು ‘ಟಿಲ್ ಫ್ರೈಡೇ’. ‘ಸಬ್‌ಮಿಟ್ ಇಟ್ ಟಿಲ್ ಫ್ರೈಡೇ’ ಎಂದು ಬರೆದರೆ ಶುಕ್ರವಾರ ಬರುವ ತನಕ ಕೊಡುತ್ತಲೇ ಇರಿ ಎಂದಾಗುತ್ತದೆ. ಇನ್ನು ‘ನೆಕ್ಸ್ಟ್ ಸಂಡೇ’ ಎಂದರೆ ಬರುವ ಭಾನುವಾರವೋ ಅದರಾಚೆಯದೋ ಎಂಬ ಗೊಂದಲ ಇಂಗ್ಲಿಷರಲ್ಲೂ ಇದೆ. ತಾರೀಖು ಬರೆದುಬಿಡುವುದು ಕ್ಷೇಮ.

‘ಫೋನ್ ಮಾಡಬೇಕು ಅಂತಿದ್ದೆ, ಅಷ್ಟರಲ್ಲಿ ನೀವೇ ಮಾಡಿದ್ರಿ’ ಎಂಬ ಮಾತಿಗೆ ‘ಐ ವಾಸ್ ಗೋಯಿಂಗ್ ಟು ಕಾಲ್ ಯು’. ಅಂದುಕೊಂಡದ್ದು ನಡೆಯಲಿಲ್ಲ ಎಂಬ ಸೂಚನೆ ಅದರಲ್ಲೇ ಇದೆ. ‘ಇನ್ನೇನು ಹೊರಡೋದ್ರಲ್ಲಿದ್ದೆ’ ಎಂಬುದು ‘ಐ ವಾಸ್ ಅಬೌಟ್ ಟು ಲೀವ್’. ಪತ್ರಿಕೆಯ ‘ಮುಖ್ಯಮಂತ್ರಿ ಉದ್ಘಾಟಿಸಲಿದ್ದಾರೆ’ ಎಂಬ ತಲೆಬರಹದ ‘ಲಿದ್ದಾರೆ’ಗೆ ಇಂಗ್ಲಿಷ್ ಪತ್ರಿಕೆಗಳು ಬರಿಯ ‘ಟು’ ಹಾಕುತ್ತವೆ: ‘ಸಿಎಂ ಟು ಇನಾಗುರೇಟ್’. ಪೂರ್ತಿ ವಾಕ್ಯದಲ್ಲಿ ಅದು ‘ಈಸ್ ಟು ಇನಾಗುರೇಟ್’. ಅನುಮಾನದ ಮಾತಿಗೆ ಬಂದರೆ, ‘ಅವರು ಬರಲ್ಲ ಅನ್ಸುತ್ತೆ’ ಎಂದು ನಾವು ‘ಇಲ್ಲ’ವನ್ನು ಬರುವುದಕ್ಕೆ ಅಂಟಿಸುತ್ತೇವೆ. ಇಂಗ್ಲಿಷ್ ಅದನ್ನು ‘ಅನ್ಸುತ್ತೆ’ಗೆ ಅಂಟಿಸಲು ಇಷ್ಟಪಡುತ್ತದೆ: ‘ಐ ಡೋಂಟ್ ಥಿಂಕ್ ದೇಲ್ ಕಮ್.’

‘ಶಲ್’ ಬಗ್ಗೆ ಹಿರಿಯ ಓದುಗರು ಕೇಳಬಹುದು. ‘ಐ’ ಮತ್ತು ‘ವಿ’ಗಳಿಗೆ ‘ಶಲ್’, ಉಳಿದವರಿಗೆ ‘ವಿಲ್’ ಎಂದು ಅವರು ಬಾಯಿಪಾಠ ಮಾಡಿದ್ದಾರೆ. 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞ ಲ್ಯಾಟಿನ್ನಿನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಈ ನಿಯಮ ಕಾಣುತ್ತದೆ. ದಿನನಿತ್ಯದ ಮಾತು ಅದನ್ನು ಬಹುಪಾಲು ಬಿಟ್ಟಾಗಿದೆ. ಇವತ್ತು ‘ಶಲ್’ ಬೇಕಾಗುವುದು ಎರಡೇ ಕಡೆ. ‘ಹೋಗೋಣ್ವಾ?’, ‘ಬಾಗಿಲು ಹಾಕ್ಲಾ?’ ಎಂದು ಕೇಳುವಾಗ ‘ಶಲ್ ವಿ ಗೋ?’, ‘ಶಲ್ ಐ ಕ್ಲೋಸ್ ದ ಡೋರ್?’ ಎನ್ನುವುದು ಒಂದು. ಕಾನೂನು ಇನ್ನೊಂದು. ನಮ್ಮ ಸಂವಿಧಾನದ ಇಂಗ್ಲಿಷ್ ಪಠ್ಯ 1ನೇ ವಿಧಿಯಿಂದಲೇ ‘ಶಲ್’ ಬಳಸುತ್ತದೆ, ಕರಾರುಪತ್ರಗಳಲ್ಲೂ ಅದರ ಬಳಕೆ ಧಾರಾಳ. ಬಾಡಿಗೆ ಕರಾರಿನಲ್ಲಿ ‘ದ ಟೆನೆಂಟ್ ಶಲ್ ಪೇ’ ಎಂದಿದ್ದರೆ ಅದು ಭವಿಷ್ಯವಾಣಿಯಲ್ಲ, ಕಟ್ಟಲೇಬೇಕು ಎಂಬ ಕಟ್ಟಳೆ. ಸಹಿ ಹಾಕುವ ಮೊದಲು ‘ಶಲ್’ ಇರುವ ಸಾಲುಗಳನ್ನು ಇನ್ನೊಮ್ಮೆ ಓದಿ.

ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಮ್ಮುಗಳಲ್ಲಿ ಒಂದು ಮನವಿ. ಕೋಷ್ಟಕ ಬರೆಯುವ ಮೊದಲು ಒಂದು ಪೀರಿಯಡ್ಡನ್ನು ಕನ್ನಡಕ್ಕೆ ಕೊಡಿ. ‘ತರ್ತೀನಿ’, ‘ತರಬೇಕು ಅಂತಿದೀನಿ’, ‘ತಂದಿರ್ತೀನಿ’, ‘ತಂದರೆ’, ‘ಯಾವಾಗ ತರ್ತಾನೋ’ ಎಂದು ಮಕ್ಕಳ ಬಾಯಿಂದಲೇ ಹೇಳಿಸಿ, ಯಾವುದನ್ನು ಯಾವಾಗ ಹೇಳುತ್ತೀರಿ ಎಂದು ಅವರನ್ನೇ ಕೇಳಿ. ಅವರ ಉತ್ತರಗಳ ಪಕ್ಕದಲ್ಲಿ ಇಂಗ್ಲಿಷ್ ರೂಪಗಳನ್ನು ಬರೆಯಿರಿ. ತರಗತಿಯಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಹಾಕುವ ಪದ್ಧತಿ ಎಲ್ಲಾದರೂ ಇದ್ದರೆ ದಯವಿಟ್ಟು ನಿಲ್ಲಿಸಿ.